ನರಕ್ಕೆ ಕೈ ಹಾಕುವ ಮುನ್ನ: ಹರ್ನಿಯಾ ಆಪರೇಷನ್ ಬಳಿಕ ಉಳಿಯುವ ನೋವು

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಶಸ್ತ್ರಚಿಕಿತ್ಸೆಯ ನಂತರದ ದೀರ್ಘಕಾಲದ ನೋವು ಮತ್ತು ನರದ ಚಿಕಿತ್ಸೆಗಳು’ ಎಂದು ಅಚ್ಚಾಗಿದೆ. ಅಷ್ಟನ್ನೂ ಒಂದು ಗಂಟೆಯಲ್ಲಿ ಹೇಳಲು ಹೊರಟರೆ ಯಾವುದೂ ತಲೆಗೆ ಹತ್ತುವುದಿಲ್ಲ. ಅದಕ್ಕೇ ಒಂದೇ ಆಪರೇಷನ್ ಹಿಡಿದುಕೊಳ್ಳುತ್ತೇನೆ: ತೊಡೆಸಂದಿನ ಹರ್ನಿಯಾ. ಇಲ್ಲಿ ಕೂತಿರುವವರ ಮನೆಗಳಲ್ಲಿ ಯಾರಿಗಾದರೂ ಒಬ್ಬರಿಗೆ ಆಗಿಯೇ ಇರುತ್ತದೆ. ಅಲ್ಲಿ ನೋವು ಕೊಡುವ ನರಗಳು ಯಾವುವು ಎಂಬುದೂ ಚೆನ್ನಾಗಿ ಗೊತ್ತಿದೆ, ಆ ನರಗಳಿಗೆ ಚಿಕಿತ್ಸೆ ಮಾಡಿ ಫಲ ಅಳೆದು ನೋಡಿದ ಅಧ್ಯಯನಗಳೂ ಇವೆ. ಉಳಿದ ಆಪರೇಷನ್‌ಗಳಲ್ಲಿ ನಾವು ಇನ್ನೂ ಬಹಳ ಮಟ್ಟಿಗೆ ಅಂದಾಜಿನಲ್ಲೇ ನಡೆಯುತ್ತಿದ್ದೇವೆ.

ಆಪರೇಷನ್ ಆಗಿ ಮೂರು ತಿಂಗಳು ಕಳೆದಿದೆ, ಗಾಯ ಮಾಗಿದೆ, ಆದರೂ ನೋವು ಹೋಗಿಲ್ಲ, ಬೇರೆ ಕಾರಣವೂ ಸಿಗುತ್ತಿಲ್ಲ ಎಂದಾದರೆ ಆ ನೋವೇ ಒಂದು ರೋಗ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಡಾಕ್ಟರುಗಳಿಗೆ ಇದು ಮೊದಲೇ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿರಬೇಕಿತ್ತು. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ನೋವಿನ ಕ್ಲಿನಿಕ್‌ಗಳಿಗೆ ಬಂದ 5,130 ರೋಗಿಗಳನ್ನು ಕುರಿತ ವರದಿಯೊಂದು 1998ರಲ್ಲೇ ಪ್ರಕಟವಾಗಿತ್ತು. ಅವರಲ್ಲಿ ಶೇ. 22.5ರಷ್ಟು ಜನರ ನೋವಿಗೆ ಆಪರೇಷನ್ ಕಾರಣವಾಗಿತ್ತು. ಹರ್ನಿಯಾದ ಮಟ್ಟಿಗೆ ಹೇಳುವುದಾದರೆ, 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಪರೇಷನ್ ಆದವರಲ್ಲಿ ಶೇ. 10ರಿಂದ 12 ಜನರಿಗೆ ದಿನದ ಕೆಲಸಕ್ಕೆ ತೊಡಕಾಗುವಷ್ಟು ನೋವು ಉಳಿಯುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂರಿಸುವಂಥ ತೀವ್ರ ನೋವಿನವರು ಅದಕ್ಕಿಂತ ಕಡಿಮೆ.

ಇಂಥವರು ನನ್ನ ಬಳಿ ಬರುವ ಹೊತ್ತಿಗೆ ಕೈಯಲ್ಲಿ ದಪ್ಪ ಫೈಲು, ಮುಖದಲ್ಲಿ ಸಿಟ್ಟು. ಸರ್ಜನ್ನರು “ಆಪರೇಷನ್ ಸಕ್ಸಸ್, ಸ್ಕ್ಯಾನಿನಲ್ಲಿ ಏನೂ ಇಲ್ಲ” ಎಂದಿರುತ್ತಾರೆ. ರೋಗಿ “ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?” ಎಂದಿರುತ್ತಾರೆ. ಎರಡೂ ನಿಜವಿರಬಹುದು. ಹರ್ನಿಯಾ ಮತ್ತೆ ಬಂದಿಲ್ಲ, ಹೊಟ್ಟೆಯ ಗೋಡೆಗೆ ಬಲ ಕೊಡಲು ಒಳಗೆ ಕೂರಿಸಿದ ಜಾಲರಿ (ಮೆಶ್) ಕೂತ ಜಾಗದಲ್ಲೇ ಕೂತಿದೆ, ನೋವೂ ಇದೆ. ನೋವು ಉಳಿಯಿತೆಂದ ಮಾತ್ರಕ್ಕೆ ಸರ್ಜನ್ ತಪ್ಪು ಮಾಡಿದ್ದಾರೆ ಎಂದೇನೂ ಅಲ್ಲ. ನುರಿತ ಕೈಯಲ್ಲೂ ಇದು ಆಗುತ್ತದೆ.

ಆ ಜಾಗದಲ್ಲಿ ಹಾದುಹೋಗುವ ನರಗಳು ಮೂರು. ಇಲಿಯೋಹೈಪೋಗ್ಯಾಸ್ಟ್ರಿಕ್, ಇಲಿಯೋಇಂಗ್ವಿನಲ್, ಜೆನಿಟೋಫೆಮೋರಲ್ ನರದ ಜನನಾಂಗದ ಕವಲು. ಹೆಸರು ಮರೆತರೂ ಚಿಂತೆಯಿಲ್ಲ, ಮೂರು ಎಂಬುದನ್ನು ಮರೆಯಬೇಡಿ. ಕಿಬ್ಬೊಟ್ಟೆಯ ಕೆಳಭಾಗ, ತೊಡೆಯ ಒಳಮೈಯ ಮೇಲ್ಭಾಗ, ಗಂಡಸರಲ್ಲಿ ವೃಷಣದ ಚೀಲ, ಹೆಂಗಸರಲ್ಲಿ ಯೋನಿತುಟಿ: ಇಷ್ಟು ಜಾಗದ ಚರ್ಮದ ಸ್ಪರ್ಶ ಈ ಮೂರರ ಪಾಲು. ಮೂರೂ ಬೆನ್ನುಹುರಿಯ ಹೆಚ್ಚುಕಮ್ಮಿ ಒಂದೇ ಮಟ್ಟದಿಂದ ಹೊರಡುತ್ತವೆ, ದಾರಿಯಲ್ಲಿ ಒಂದಕ್ಕೊಂದು ಎಳೆ ಕೊಟ್ಟು ತೆಗೆದುಕೊಳ್ಳುತ್ತವೆ. ಒಬ್ಬರ ಮೈಯಲ್ಲಿ ಇದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಆಪರೇಷನ್ನಿನಲ್ಲಿ ಇವುಗಳಲ್ಲಿ ಒಂದು ಎಳೆದಾಡಿಸಿಕೊಳ್ಳಬಹುದು, ಹೊಲಿಗೆಗೆ ಸಿಕ್ಕಿಬೀಳಬಹುದು. ಅಥವಾ ತಿಂಗಳುಗಳ ನಂತರ ಜಾಲರಿಯ ಸುತ್ತ ಗಟ್ಟಿಯಾಗುವ ಕಲೆಯ ಅಂಗಾಂಶ ಅದನ್ನು ಹಿಡಿದುಕೊಳ್ಳಬಹುದು.

ನೋವು ನರದ್ದೇ ಹೌದೋ ಅಲ್ಲವೋ ಎಂಬುದೇ ಮೊದಲ ತಕರಾರು. ಇದಕ್ಕೆ ದುಬಾರಿ ಯಂತ್ರ ಬೇಡ. “ಎಲ್ಲಿ ನೋವು, ತೋರಿಸಿ” ಎಂದಾಗ ರೋಗಿ ಒಂದು ಬೆರಳಿಟ್ಟು ತೋರಿಸುತ್ತಾರೋ, ಇಡೀ ಅಂಗೈ ಸವರಿ ತೋರಿಸುತ್ತಾರೋ ನೋಡುತ್ತೇನೆ. ಆಮೇಲೆ ಹತ್ತಿಯ ಎಳೆಯಿಂದ ಸವರುವುದು, ಮೊಂಡು ಸೂಜಿಯಿಂದ ಮುಟ್ಟುವುದು, ಸ್ಪಿರಿಟ್ ಹತ್ತಿ ತಾಗಿಸಿ ತಣ್ಣಗಾಗುತ್ತದಾ ಎಂದು ಕೇಳುವುದು. ಎಲ್ಲಿ ಮರಗಟ್ಟಿದೆಯೋ ಅಲ್ಲಿಗೊಂದು ಬಣ್ಣ, ಎಲ್ಲಿ ಸವರಿದರೂ ಉರಿಯುತ್ತದೆಯೋ ಅಲ್ಲಿಗೊಂದು ಬಣ್ಣ, ಪೆನ್ನಿನಲ್ಲಿ ಚರ್ಮದ ಮೇಲೇ ಗೆರೆ ಎಳೆದು ಫೋಟೋ ತೆಗೆಯುತ್ತೇನೆ. ಹತ್ತೇ ನಿಮಿಷದ ಕೆಲಸ. ಮರಗಟ್ಟಿದ ಜಾಗದ ನಡುವೆಯೇ ಉರಿ, ಕರೆಂಟ್ ಹೊಡೆದಂತೆ ಚುಳಕು, ಬಟ್ಟೆ ತಾಗಿದರೂ ಸಹಿಸಲಾಗದ ಚುಮುಚುಮು ಇದ್ದರೆ ನರದ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹಾಗಲ್ಲದೆ ಒಳಗೆ ಭಾರ, ಏನೋ ಉಂಡೆ ಒತ್ತಿದಂತೆ ಎನ್ನುವವರಲ್ಲಿ ಜಾಲರಿ ಮಡಚಿಕೊಂಡಿದೆಯೇ, ಹರ್ನಿಯಾ ಮರಳಿದೆಯೇ, ಸೊಂಟದ ಕೀಲು ಸವೆದಿದೆಯೇ, ಮೂತ್ರದ ತೊಂದರೆಯೇ ಎಂದು ಹುಡುಕಬೇಕು. ಈ ಹುಡುಕಾಟ ಮಾಡದೆ ನೇರ ನರಕ್ಕೆ ಸೂಜಿ ಹಿಡಿಯುವವರು ಕಡಿಮೆಯಿಲ್ಲ, ಹೇಳಲೇಬೇಕು.

ಮಾತ್ರೆಗಳ ವಿಷಯ ಬೇಗ ಮುಗಿಸುತ್ತೇನೆ. ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕೊಡುತ್ತೇವೆ. ನರದ ನೋವಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು: ಅಮಿಟ್ರಿಪ್ಟಿಲಿನ್ ಗುಂಪಿನ ಮಾತ್ರೆಯನ್ನು ಸುಮಾರು ನಾಲ್ಕು ಜನಕ್ಕೆ ಕೊಟ್ಟರೆ, ಪ್ರಿಗ್ಯಾಬಲಿನ್ ಅನ್ನು ಸುಮಾರು ಎಂಟು ಜನಕ್ಕೆ ಕೊಟ್ಟರೆ, ಔಷಧವೇ ಇಲ್ಲದ ತೋರಿಕೆಯ ಮಾತ್ರೆಗಿಂತ ಹೆಚ್ಚಾಗಿ ಒಬ್ಬರಿಗೆ ಒಳ್ಳೆಯ ಆರಾಮ. ಎಲ್ಲರಿಗೂ ಅಲ್ಲ, ಆದರೆ ಸೊನ್ನೆಯೂ ಅಲ್ಲ. ತೊಂದರೆ ಏನೆಂದರೆ, ಮೆಡಿಕಲ್ ಶಾಪಿನಲ್ಲಿ ಯಾರೋ “ಇದು ತಲೆ ಕೆಟ್ಟೋರಿಗೆ ಕೊಡೋ ಮಾತ್ರೆ” ಎನ್ನುತ್ತಾರೆ, ಜನ ನಾಲ್ಕನೇ ದಿನಕ್ಕೆ ನಿಲ್ಲಿಸುತ್ತಾರೆ. ಈ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಹೇಳಲು ಕೆಲವು ವಾರ ಬೇಕು. ವಯಸ್ಸಾದವರಿಗೆ ತಲೆಸುತ್ತು, ಬಾಯಿ ಒಣಗುವುದು, ರಾತ್ರಿ ಎದ್ದಾಗ ಬೀಳುವ ಅಪಾಯ ಇದ್ದೇ ಇದೆ. ಅದಕ್ಕೇ ಕಡಿಮೆ ಡೋಸಿನಿಂದ ಶುರು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಮಾತ್ರೆಗೆ ಬಗ್ಗದ ನೋವಿಗೆ “ಒಂದು ಇಂಜೆಕ್ಷನ್ ಕೊಟ್ಟು ನೋಡೋಣ” ಎನ್ನುತ್ತಾರೆ. ನರದ ಬಳಿ ಮರಗಟ್ಟಿಸುವ ಔಷಧ ಬಿಡುವ ಈ ಬ್ಲಾಕನ್ನು ಜನ ಚಿಕಿತ್ಸೆ ಎಂದುಕೊಳ್ಳುತ್ತಾರೆ. ಹದಿನೈದು ದಿನ ಬಿಟ್ಟು ಬಂದು “ಸ್ವಲ್ಪ ಪರವಾಗಿಲ್ಲ ಸಾರ್, ಆಮೇಲೆ ಮತ್ತೆ ಬಂತು” ಎನ್ನುತ್ತಾರೆ. ಆ ಮಾತಿನಿಂದ ನನಗೆ ಏನೂ ತಿಳಿಯುವುದಿಲ್ಲ. ಬ್ಲಾಕ್ ಮೊದಲು ಒಂದು ಪರೀಕ್ಷೆ. ಮನೆಯಲ್ಲಿ ಯಾವ ಲೈನಿನಲ್ಲಿ ಶಾರ್ಟ್ ಆಗಿದೆ ಎಂದು ನೋಡಲು ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತೇವಲ್ಲ, ಹಾಗೆ. ಅದರ ಉತ್ತರ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಮರಗಟ್ಟಿಸುವ ಔಷಧ ಲಿಗ್ನೋಕೇನ್ ಆದರೆ ಒಂದೆರಡು ಗಂಟೆ, ಬ್ಯುಪಿವಕೇನ್ ಆದರೆ ಇನ್ನೂ ಹಲವು ಗಂಟೆ. ನಮ್ಮಲ್ಲಿ ಆ ಗಂಟೆಗಳು ಎಲ್ಲಿ ಕಳೆಯುತ್ತವೆ? ಬಸ್ಸಿನ ಸೀಟಿನಲ್ಲಿ. ಬೆಳಗಿನ ಬಸ್ಸಿಗೆ ಬಂದು, ಇಂಜೆಕ್ಷನ್ ತಗೊಂಡು, ಮಧ್ಯಾಹ್ನದ ಬಸ್ಸಿಗೆ ಕೂತು, ತೂಕಡಿಸಿ ಊರು ಸೇರುವಷ್ಟರಲ್ಲಿ ಔಷಧ ಇಳಿದಿರುತ್ತದೆ.

ಸಾಗರದ ಕಡೆಯ ಕೊನೆಗಾರರೊಬ್ಬರನ್ನು ನೆನಪಿಸಿಕೊಳ್ಳುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕಸುಬು. ಹರ್ನಿಯಾ ಆಪರೇಷನ್ ಆಗಿ ಒಂದು ಕೊಯ್ಲು ಪೂರಾ ಕಳೆದಿತ್ತು. “ಮರ ಹತ್ತಕ್ಕೆ ಹೋಗಿ ತೊಡೆ ಬಿಗಿ ಹಿಡಿದ ಕೂಡ್ಲೆ ಕರೆಂಟ್ ಹೊಡೆದಂಗೆ ಆಗ್ತದೆ ಸಾರ್, ಸುಮ್ನೆ ಕೂತ್ರೆ ಏನೂ ಇಲ್ಲ” ಎಂದರು. ಸುಮ್ಮನೆ ಕೂತರೆ ನೋವೇ ಇಲ್ಲದ ಮನುಷ್ಯನಿಗೆ ಬ್ಲಾಕ್ ಕೊಟ್ಟು ಹಾಸಿಗೆಯಲ್ಲಿ ಮಲಗಿಸಿ “ನೋವು ಹೋಯ್ತಾ?” ಎಂದು ಕೇಳಿ ಏನು ಪ್ರಯೋಜನ? ಇಂಜೆಕ್ಷನ್ನಿಗೆ ಮೊದಲು ವರಾಂಡದ ಕಂಬ ತೋರಿಸಿದೆ. ಪಂಚೆ ಮೇಲೆ ಕಟ್ಟಿ ಕಂಬವನ್ನು ಎರಡೂ ತೊಡೆಯಿಂದ ಹಿಡಿದರು, ಹಲ್ಲು ಕಚ್ಚಿದರು. ಹತ್ತಕ್ಕೆ ಎಷ್ಟು ನೋವು ಎಂದರೆ ಎಂಟು. ಅಲ್ಟ್ರಾಸೌಂಡ್‌ನಲ್ಲಿ ಸೂಜಿಯ ತುದಿ ನೋಡಿಕೊಂಡು, ಒಂದು ನರದ ಪಕ್ಕ ಎರಡು ಮೂರು ಎಂ.ಎಲ್. ಔಷಧ, ಅಷ್ಟೇ. ಜಾಸ್ತಿ ಹಾಕಿದರೆ ಮೂರೂ ನರಕ್ಕೆ ಹರಿದು ಯಾವುದು ಯಾವುದೆಂದು ತಿಳಿಯದಾಗುತ್ತದೆ. ಅರ್ಧ ಗಂಟೆ ಬಿಟ್ಟು ಮೊದಲು ಮೊಣಕಾಲು ಗಟ್ಟಿಯಾಗಿದೆಯೇ ನೋಡಿದೆ. ಕೆಲವೊಮ್ಮೆ ಔಷಧ ತೊಡೆಯ ದೊಡ್ಡ ನರಕ್ಕೂ ಇಳಿದು, ಎದ್ದು ನಿಂತವರ ಕಾಲು ಕುಸಿಯುತ್ತದೆ. ಅದಕ್ಕೇ ಅವತ್ತು ಯಾರೂ ತಾವೇ ಬೈಕು ಓಡಿಸಿಕೊಂಡು ಹೋಗಬಾರದು. ಸೂಜಿ ಚುಚ್ಚಿ ನೋಡಿದೆ, ಚರ್ಮ ಮರಗಟ್ಟಿತ್ತು. ಮತ್ತೆ ಕಂಬ. ಈ ಸಲ ಎರಡು ಎಂದರು, ನಂಬಿಕೆಯಾಗದೆ ಇನ್ನೊಮ್ಮೆ ಹಿಡಿದರು. ಸಂಜೆಯವರೆಗೆ ಗಂಟೆಗೊಮ್ಮೆ ಕಂಬ ಹಿಡಿದು ನೋಡಿ ಸೊನ್ನೆಯಿಂದ ಹತ್ತರ ಲೆಕ್ಕ ಬರೆಸಿದೆವು. ಔಷಧ ಇಳಿದಂತೆ ಅಂಕಿ ಏರಿತು.

ಇದು ಸ್ಪಷ್ಟ ಉತ್ತರ. ಎಲ್ಲರಲ್ಲೂ ಇಷ್ಟು ಸ್ಪಷ್ಟ ಬರುವುದಿಲ್ಲ. ಚರ್ಮವೂ ಮರಗಟ್ಟಲಿಲ್ಲ, ನೋವೂ ಹೋಗಲಿಲ್ಲ ಎಂದರೆ ಔಷಧ ನರಕ್ಕೆ ಮುಟ್ಟಿಲ್ಲ. ಪರೀಕ್ಷೆಯೇ ಆಗಿಲ್ಲ ಎಂದು ಲೆಕ್ಕ, ಅದರ ಮೇಲೆ ಯಾವ ತೀರ್ಮಾನವೂ ಸಲ್ಲದು. ಮರಗಟ್ಟದೆಯೇ ನೋವು ಹೋದರೆ? ಸೂಜಿ ಚುಚ್ಚಿದ್ದರಿಂದಲೇ, ಡಾಕ್ಟರ ಭರವಸೆಯಿಂದಲೇ ಬಂದ ಆರಾಮ ಇರಬಹುದು. ಅದು ನಾಟಕವಲ್ಲ, ಮೆದುಳು ನಿಜವಾಗಿಯೇ ನೋವು ತಗ್ಗಿಸಿರುತ್ತದೆ. ಆದರೆ ಅದನ್ನು ನಂಬಿ ನರ ಕತ್ತರಿಸಬಾರದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಉತ್ತರ ಇನ್ನೊಂದು: ಚರ್ಮ ಚೆನ್ನಾಗಿ ಮರಗಟ್ಟಿದೆ, ನೋವು ಮಾತ್ರ ಹಾಗೇ ಇದೆ. ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗಾಯಿತು. ನರ ಸುಡಿಸಲು ಬೇರೆಡೆ ದಿನ ಗೊತ್ತಾಗಿತ್ತು. ಸೊಂಟದ ಕೀಲನ್ನು ಒಳಕ್ಕೆ ತಿರುಗಿಸಿದರೆ ಅದೇ ನೋವು ಬರುತ್ತಿತ್ತು; ಎಕ್ಸ್‌ರೇಯಲ್ಲಿ ಕೀಲು ಸವೆದಿತ್ತು. ಅವರ ನರ ಸುಟ್ಟಿದ್ದರೆ ನೋವಿನ ಜೊತೆಗೆ ಮರಗಟ್ಟುವಿಕೆಯೂ ಸೇರುತ್ತಿತ್ತು, ಅಷ್ಟೇ ಲಾಭ.

ಒಂದು ಸಲದ ಉತ್ತರವನ್ನು ನಂಬಬೇಡಿ. ಇನ್ನೊಂದು ದಿನ, ಇನ್ನೊಂದು ಔಷಧದಲ್ಲಿ, ಮತ್ತೆ ಮಾಡಿಸಿ. ಪರೀಕ್ಷೆಯ ದಿನವೇ, ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಬೆರೆಸಿ ಕೊಡುವ ರೂಢಿ ಇದೆ. ನನಗದು ಅಷ್ಟಾಗಿ ಹಿಡಿಸುವುದಿಲ್ಲ, ಎರಡು ಪ್ರಶ್ನೆ ಒಟ್ಟಿಗೇ ಕೇಳಿ ಒಂದೇ ಉತ್ತರ ಪಡೆದಂತಾಗುತ್ತದೆ. ಒಪ್ಪದ ಸಹೋದ್ಯೋಗಿಗಳಿದ್ದಾರೆ, ಈ ಸಭೆಯಲ್ಲೇ ಒಬ್ಬರು ಕೂತು ನಗುತ್ತಿದ್ದಾರೆ.

ಪರೀಕ್ಷೆಯಲ್ಲಿ ನರ ಸಿಕ್ಕಿಬಿದ್ದ ಮೇಲೆ ಏನು ದಾರಿ? ಬ್ಲಾಕನ್ನೇ ಕೆಲವು ಸಲ ಮಾಡಿ ಬಿಡುವುದು ಒಂದು. ಕೆಲವರಿಗೆ ಔಷಧದ ಅವಧಿ ಮುಗಿದ ಮೇಲೂ ಆರಾಮ ಉಳಿಯುತ್ತದೆ. ಸೂಜಿಯ ತುದಿಯಿಂದ ನರದ ಬಳಿ ವಿದ್ಯುತ್ ಹಾಯಿಸುವ ರೇಡಿಯೋ ಫ್ರೀಕ್ವೆನ್ಸಿ ಎಂಬುದರಲ್ಲಿ ಎರಡು ಬಗೆ, ಜಾಹೀರಾತುಗಳು ಇವನ್ನು ಕಲಸಿಬಿಡುತ್ತವೆ. ಪಲ್ಸ್ಡ್ ಬಗೆಯಲ್ಲಿ ಸೂಜಿಯ ತುದಿ ಸುಮಾರು 42 ಡಿಗ್ರಿ ದಾಟುವುದಿಲ್ಲ, ನರ ಸಾಯುವುದಿಲ್ಲ. ಇನ್ನೊಂದರಲ್ಲಿ ಸುಮಾರು 80 ಡಿಗ್ರಿ. ಅಲ್ಲಿ ನರ ಸುಡುತ್ತದೆ. ನರ ಮತ್ತೆ ಬೆಳೆಯುವುದರಿಂದ ನೋವು ತಿಂಗಳುಗಳ ಮೇಲೆ ಮರಳಬಹುದು, ಬೆಳೆಯುವಾಗ ಹೊಸ ಉರಿಯೂ ಬರಬಹುದು. ತೊಡೆಸಂದಿನ ನೋವಿನಲ್ಲಿ ಈ ಎರಡಕ್ಕೂ ಪುರಾವೆ ತೆಳು. ನಾನು ಮಾಡುವುದೇ ಈ ಕೆಲಸ, ಆದರೂ ಹೇಳುತ್ತೇನೆ: ತೆಳು. ನರವನ್ನು ಹೆಪ್ಪುಗಟ್ಟಿಸುವ ಕ್ರಯೋ ಎಂಬುದೂ ಇದೆ, ಎಲ್ಲ ಊರಲ್ಲಿ ಸಿಗುವುದಿಲ್ಲ. ಫೀನಾಲ್, ಆಲ್ಕೋಹಾಲ್ ಹಾಕಿ ನರ ಕೊಲ್ಲುವುದು ಮುಖ್ಯವಾಗಿ ಕ್ಯಾನ್ಸರ್ ನೋವಿನ ದಾರಿ. ಹರ್ನಿಯಾ ಆಗಿ ಇನ್ನೂ ಮೂವತ್ತು ವರ್ಷ ಬದುಕಬೇಕಾದವರಿಗೆ ಅದನ್ನು ಯಾರಾದರೂ ಸೂಚಿಸಿದರೆ ಎರಡನೇ ಅಭಿಪ್ರಾಯ ಕೇಳಿ.

ಕೊನೆಯದು ನರ ಕತ್ತರಿಸುವುದು, ನ್ಯೂರೆಕ್ಟಮಿ. ಇದನ್ನು ಕೇಳಿದೊಡನೆ ಜನ ಹೆದರುತ್ತಾರೆ, ಆದರೆ ಇದಕ್ಕೇ ಗಟ್ಟಿ ಪುರಾವೆ ಇರುವುದು. ನೆದರ್‌ಲೆಂಡ್ಸಿನ ಒಂದು ತಂಡ ಹರ್ನಿಯಾ ನಂತರ ನರದ ನೋವು ಉಳಿದ 54 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಇಂಜೆಕ್ಷನ್, ಇನ್ನೊಂದಕ್ಕೆ ನರ ಕತ್ತರಿಸುವ ಆಪರೇಷನ್ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಇಂಜೆಕ್ಷನ್‌ನಲ್ಲಿ ಶೇ. 22, ಆಪರೇಷನ್‌ನಲ್ಲಿ ಶೇ. 71 ಜನರಿಗೆ ಗುಣ. ಸರ್ಜನ್ನರು ಎಪ್ಪತ್ತೊಂದನ್ನು ಮಾತ್ರ ಓದಿ ಹೇಳುತ್ತಾರೆ. ಇಪ್ಪತ್ತೆರಡನ್ನೂ ಓದಿ: ಐವರಲ್ಲಿ ಒಬ್ಬರಿಗೆ ಬರೀ ಇಂಜೆಕ್ಷನ್‌ನಲ್ಲೇ ಮುಗಿದಿದೆ, ಅವರಿಗೆ ಕತ್ತರಿಯೇ ಬೇಕಿರಲಿಲ್ಲ. ಉಳಿದ ಇಪ್ಪತ್ತೊಂಬತ್ತನ್ನೂ ಓದಿ: ಹತ್ತರಲ್ಲಿ ಮೂವರಿಗೆ ಕತ್ತರಿಸಿದರೂ ಸಾಕಷ್ಟು ಗುಣವಾಗಲಿಲ್ಲ. ಅದೇ ದೇಶದಲ್ಲಿ, ಹರ್ನಿಯಾ ಅಲ್ಲ, ಹೊಟ್ಟೆಯ ಗೋಡೆಯಲ್ಲಿ ಸಿಕ್ಕಿಕೊಂಡ ನರದ ನೋವಿಗೆ 2013ರಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. 22 ಜನರಿಗೆ ನಿಜವಾಗಿ ನರ ಕತ್ತರಿಸಿದರು, ಇನ್ನು 22 ಜನರಿಗೆ ಆಪರೇಷನ್ ಮಾಡಿ ನರ ಹಾಗೇ ಬಿಟ್ಟರು. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಿಲ್ಲ. ಮೊದಲ ಗುಂಪಿನಲ್ಲಿ 16 ಜನಕ್ಕೆ ಗುಣ, ಎರಡನೆಯದರಲ್ಲಿ 4 ಜನಕ್ಕೆ. ನರ ಮುಟ್ಟದೆಯೇ ನಾಲ್ವರು ಚೇತರಿಸಿಕೊಂಡರು ನೋಡಿ. ಪಕ್ಕದ ಮನೆಯವರಿಗೆ ಗುಣವಾಯಿತು ಎಂಬ ಒಂದೇ ಕಾರಣಕ್ಕೆ ನೀವು ಹೊರಡಬಾರದು ಎನ್ನುವುದು ಇದಕ್ಕೇ.

ಒಂದು ನರವೋ ಮೂರೂ ನರವೋ ಎಂಬುದು ಇನ್ನೊಂದು ಜಗಳ. ಲಾಸ್ ಏಂಜಲೀಸ್‌ನ ಪರ್ವೀಜ್ ಅಮಿದ್ ಎಂಬ ಸರ್ಜನ್ ತೊಂಬತ್ತರ ದಶಕದಲ್ಲಿ ಮೂರನ್ನೂ ಒಟ್ಟಿಗೆ ತೆಗೆಯುವ ಕ್ರಮ ರೂಢಿಗೆ ತಂದರು. ನರಗಳು ಒಂದಕ್ಕೊಂದು ಎಳೆ ಕೊಟ್ಟಿರುವಾಗ ಒಂದನ್ನೇ ತೆಗೆದರೆ ನೋವು ಇನ್ನೊಂದರ ದಾರಿ ಹಿಡಿಯುತ್ತದೆ, ಕಲೆಗಟ್ಟಿದ ಜಾಗಕ್ಕೆ ಎರಡೆರಡು ಸಲ ಕೈಹಾಕುವುದು ಅಪಾಯ ಎಂಬುದು ವಾದ. ಆಗಲೇ ಹೇಳಿದ ಹರ್ನಿಯಾ ಪ್ರಯೋಗದ ನೆದರ್‌ಲೆಂಡ್ಸಿನವರು ತೊಂದರೆ ಕೊಡುತ್ತಿರುವ ನರವನ್ನಷ್ಟೇ ತೆಗೆದರು. ಬ್ಲಾಕ್ ಪರೀಕ್ಷೆ ಸರಿಯಾಗಿ ಮಾಡಿದ್ದರೆ ಆರಿಸಿ ತೆಗೆಯುವುದಕ್ಕೆ ನನ್ನ ಒಲವು. ಪರೀಕ್ಷೆ ಗೊಂದಲವಾಗಿದ್ದರೆ ಮೂರೂ ತೆಗೆಯುವವರ ಮಾತಿಗೆ ಬಲವಿದೆ.

ಕತ್ತರಿಸಿದ ನರವನ್ನು ಮರಳಿ ಜೋಡಿಸಿ ಮೊದಲಿನಂತೆ ಮಾಡಲಾಗದು. ಚರ್ಮ ಕಾಯಂ ಮರಗಟ್ಟುತ್ತದೆ. ತುದಿಯಲ್ಲಿ ನರದ ಗಂಟು ಬೆಳೆದು ಅದೇ ನೋಯಬಹುದು. ಅಪರೂಪಕ್ಕೆ, ಮರಗಟ್ಟಿದ ಜಾಗವೇ ಉರಿಯಲು ಶುರುವಾಗುತ್ತದೆ. ಅದು ಮೊದಲಿನ ನೋವಿಗಿಂತ ಹಟಮಾರಿ. ದೂರ್ಬೀನಿನ ಮೂಲಕ ಹಿಂಬದಿಯಿಂದ ಕತ್ತರಿಸಿದರೆ ಕಿಬ್ಬೊಟ್ಟೆಯ ಒಂದು ಪಕ್ಕ ಸಡಿಲಾಗಿ ಉಬ್ಬಿದಂತೆ ಕಾಣಬಹುದು. ವೃಷಣದ ಒಳಗಿನ ನೋವು ಬೇರೆ ಸಣ್ಣ ನರಗಳದ್ದು, ಈ ಮೂರು ತೆಗೆದರೂ ಹೋಗದಿರಬಹುದು. ಇದನ್ನು ಮೊದಲೇ ಹೇಳಿಸಿಕೊಳ್ಳದವರು ಆಮೇಲೆ ಬಹಳ ಕೊರಗುತ್ತಾರೆ.

ಇನ್ನೊಂದು ಮಾತನ್ನು ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ: ದಾಂಪತ್ಯದ ಹೊತ್ತಿನ ನೋವು, ವೀರ್ಯ ಹೋಗುವಾಗಿನ ನೋವು. ಮಗನೋ ಅಳಿಯನೋ ಪಕ್ಕದಲ್ಲಿ ನಿಂತಿದ್ದರೆ ಯಾರು ಹೇಳುತ್ತಾರೆ? ಜೊತೆಗೆ ಬಂದವರನ್ನು ಐದು ನಿಮಿಷ ಹೊರಗೆ ಕಳಿಸಿ ಕೇಳಿದಾಗ, ಬಹುತೇಕ “ಅದೂ ಇದೆ ಸಾರ್” ಎನ್ನುತ್ತಾರೆ. ಹೆಂಗಸರಲ್ಲೂ ಹೀಗೇ, ಇನ್ನೂ ಮೆಲ್ಲಗೆ. ನರ ಕತ್ತರಿಸಿದರೆ ಆ ಭಾಗದ ಸ್ಪರ್ಶ ಹೋಗುತ್ತದೆ. ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಾನು ತೀರ್ಮಾನಿಸಲಾರೆ, ಗಂಡ ಹೆಂಡತಿ ಕೂತು ಮಾತಾಡಬೇಕು. ಬ್ಲಾಕಿನ ಗಂಟೆಗಳು ಇದಕ್ಕೂ ಉಪಯೋಗ: ಹೀಗೇ ಕಾಯಂ ಮರಗಟ್ಟಿದ್ದರೆ ನಿಮಗೆ ನಡೆಯುತ್ತದಾ ಎಂದು ಆಗಲೇ ಕೇಳಿಕೊಳ್ಳಿ.

ಆ ಕೊನೆಗಾರರ ಕಥೆ ಏನಾಯಿತು ಎನ್ನುತ್ತೀರಿ. ಎರಡನೇ ಪರೀಕ್ಷೆಯೂ ಅದೇ ನರವನ್ನು ತೋರಿಸಿತು. ಕತ್ತರಿಸಿದರೆ ಗುಣವಾಗುವ ಸಂಭವ ಚೆನ್ನಾಗಿತ್ತು, ನನ್ನ ಸರ್ಜನ್ ಮಿತ್ರರು ತಯಾರಿದ್ದರು. ಅಷ್ಟರಲ್ಲಿ ಇಂಜೆಕ್ಷನ್‌ಗಳಿಂದಲೇ ಎಂಟರ ನೋವು ನಾಲ್ಕಕ್ಕೆ ಬಂದು ನಿಂತಿತ್ತು. ಅವರು ಯೋಚಿಸಿ “ಮರ ಹತ್ತದು ಬಿಡ್ತೇನೆ, ದೋಟಿಲಿ ಕೊಯ್ತೇನೆ” ಎಂದರು. ಈಗ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆಯಲ್ಲ, ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ. ಮಿತ್ರರಿಗೆ ಇದು ಅರೆಬರೆ ಚಿಕಿತ್ಸೆ ಎನಿಸಿತು. ನನಗೆ ಹಾಗೆನ್ನಿಸಲಿಲ್ಲ. ಮೂವತ್ತರ ಹರೆಯದಲ್ಲಿದ್ದು ಮರ ಹತ್ತಲೇಬೇಕಿದ್ದವರಾಗಿದ್ದರೆ ತೀರ್ಮಾನ ಬೇರೆ ಇರುತ್ತಿತ್ತು, ಅದೂ ಸರಿಯೇ.

ಆತುರ ಮಾಡಬಾರದವರೂ ಇದ್ದಾರೆ. ಆಪರೇಷನ್ ಆಗಿ ಇನ್ನೂ ಮೂರು ತಿಂಗಳು ತುಂಬದವರು; ಆರು ತಿಂಗಳವರೆಗೂ ತಾನಾಗಿ ಇಳಿಯುವ ನೋವುಗಳಿವೆ. ನೋವು ತೊಡೆಸಂದು ಬಿಟ್ಟು ಬೆನ್ನು, ಕಾಲು, ಭುಜಕ್ಕೆಲ್ಲ ಹಬ್ಬಿದವರು. ತಿಂಗಳಿಂದ ನಿದ್ದೆಯಿಲ್ಲದವರು, ಮನಸ್ಸು ಕುಸಿದವರು. ಇವರ ನೋವು ಸುಳ್ಳೆಂದಲ್ಲ. ನೋವಿನ ವ್ಯವಸ್ಥೆಯೇ ಸೂಕ್ಷ್ಮವಾಗಿರುವಾಗ ಒಂದು ನರ ತೆಗೆದರೆ ಫಲ ಕಡಿಮೆ, ಹೊಸ ಗಾಯದ ನೋವು ಮಾತ್ರ ಖಚಿತ. ಬೆನ್ನುಹುರಿಯ ಬಳಿ ತಂತಿ ಹಾಕಿ, ಸಣ್ಣ ವಿದ್ಯುತ್ ಕೊಟ್ಟು ನೋವು ತಗ್ಗಿಸುವ ಯಂತ್ರ ಇರಿಸುವ ಚಿಕಿತ್ಸೆಯ ಬಗ್ಗೆಯೂ ಕೇಳಿರುತ್ತೀರಿ. ಲಕ್ಷಗಟ್ಟಲೆ ಖರ್ಚು, ಎಲ್ಲ ಮುಗಿದ ಮೇಲಿನ ಮಾತು. ಅದರಲ್ಲೂ ಮೊದಲು ತಾತ್ಕಾಲಿಕ ತಂತಿ ಹಾಕಿ ಕೆಲವು ದಿನ ನೋಡದೆ ಯಂತ್ರ ಕೂರಿಸಿಕೊಳ್ಳಬೇಡಿ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬರು “ಜಾಲರಿಯನ್ನೇ ತೆಗೆಸಿಬಿಟ್ಟರೆ?” ಎಂದು ಕೇಳಿದರು. ಜಾಲರಿ ಮಡಚಿ ಉಂಡೆಯಾಗಿದ್ದರೆ, ಸೋಂಕು ತಗುಲಿದ್ದರೆ ತೆಗೆಯುವುದುಂಟು. ಆದರೆ ಅದು ಸುತ್ತಲಿನ ಮಾಂಸ, ರಕ್ತನಾಳಗಳಿಗೆ ಅಂಟಿಕೊಂಡಿರುತ್ತದೆ. ವೃಷಣದ ರಕ್ತಸಂಚಾರಕ್ಕೆ ಪೆಟ್ಟು ಬೀಳಬಹುದು, ಹರ್ನಿಯಾ ಮರಳಬಹುದು. ಇಂಥ ಆಪರೇಷನ್ ಆಗಾಗ ಮಾಡುವ ಸರ್ಜನ್ನರ ಬಳಿ ಮಾತ್ರ ಹೋಗಿ. ನರ ತೆಗೆದರೆ ಯಾವ ನರ, ಎಲ್ಲಿ ಕತ್ತರಿಸಿದರು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿ, ತೆಗೆದ ತುಂಡನ್ನು ಲ್ಯಾಬಿಗೆ ಕಳಿಸಿ ಅದು ನರವೇ ಎಂದು ಖಾತ್ರಿ ಮಾಡಿಸಿ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಸೊಸೆ ಅತ್ತೆಯ ಬಗ್ಗೆ ಕೇಳಿದರು. ಮಂಡಿ ಬದಲಿಸಿ ವರ್ಷವಾಗಿದೆ, ನೋವಿದೆ, ಯಾರೋ ಮಂಡಿಯ ನರ ಸುಡಿಸಿ ಎಂದಿದ್ದಾರಂತೆ. ತಾಯೀ, ಆ ಚಿಕಿತ್ಸೆಯನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಸವೆದ ಸ್ವಂತ ಮಂಡಿಯಲ್ಲಿ, ಬದಲಿಸಿದ ಮಂಡಿಯಲ್ಲಿ ಅಲ್ಲ. ಒಳಗೆ ಸೋಂಕಿದೆಯೇ, ಕೂರಿಸಿದ ಭಾಗ ಸಡಿಲವಾಗಿದೆಯೇ ಎಂದು ಮೊದಲು ತಿಳಿಯಬೇಕು. ಸೋಂಕಿನ ಸುಳಿವು ಕೊಡುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ ಮಾಡಿಸಿ, ಹೊಸ ಎಕ್ಸ್‌ರೇ ಮತ್ತು ಆಪರೇಷನ್ ಆದಾಗಿನ ಎಕ್ಸ್‌ರೇ ಎರಡನ್ನೂ ಹಿಡಿದುಕೊಂಡು, ಮಂಡಿ ಮಾಡಿದ ಡಾಕ್ಟರ ಬಳಿಗೇ ಒಮ್ಮೆ ಹೋಗಿ ಬನ್ನಿ. ನರದ ವಿಷಯ ಆಮೇಲೆ ನೋಡೋಣ.